ತೊತ್ತೋ-ಚಾನಳ ಗುಂಡಿ, ಮಾಲೂರಿನ ಗುಂಡಿ

ಕನ್ನಡದ ಶಿಕ್ಷಕರ ನಡುವೆ ಕೈಯಿಂದ ಕೈಗೆ ದಾಟಿಕೊಂಡು ಬಂದಿರುವ ಪುಸ್ತಕಗಳಲ್ಲಿ ‘ತೊತ್ತೋ-ಚಾನ್’ ಒಂದು. ತೆತ್ಸುಕೊ ಕುರೊಯಾನಗಿ 1981ರಲ್ಲಿ ಜಪಾನಿ ಭಾಷೆಯಲ್ಲಿ ಪ್ರಕಟಿಸಿದ ಈ ಬಾಲ್ಯದ ನೆನಪುಗಳನ್ನು ವಿ. ಗಾಯತ್ರಿ ಕನ್ನಡಕ್ಕೆ ತಂದಿದ್ದಾರೆ. ಶಿಕ್ಷಣದ ಬಗ್ಗೆ ಎಲ್ಲೇ ಮಾತು ಬಂದರೂ ಯಾರಾದರೊಬ್ಬರು ಇದರ ಹೆಸರು ಎತ್ತುತ್ತಾರೆ. ಎಲ್ಲರೂ ಮೆಚ್ಚುವ ಪುಸ್ತಕಕ್ಕೆ ಒಂದು ಅಪಾಯವಿದೆ: ಅದನ್ನು ಮತ್ತೆ ಓದಬೇಕೆಂದು ಯಾರಿಗೂ ಅನಿಸುವುದಿಲ್ಲ. ನನ್ನ ಪಿಎಚ್.ಡಿ. ವಿಷಯ ಆತ್ಮಕಥನಗಳಲ್ಲಿ ಬರುವ ಶಾಲೆ. ಊರು ಕೋಲಾರ ಜಿಲ್ಲೆಯ ಶ್ರೀನಿವಾಸಪುರ ತಾಲ್ಲೂಕಿನಲ್ಲಿದೆ. ನಮ್ಮ ಜಿಲ್ಲೆಯ ಶಾಲೆಗಳಿಂದ ಬಂದ ಕೆಲವು ಸುದ್ದಿಗಳನ್ನು ಪಕ್ಕದಲ್ಲಿಟ್ಟುಕೊಂಡು ಇತ್ತೀಚೆಗೆ ಈ ಪುಸ್ತಕವನ್ನು ಮತ್ತೆ ಓದಿದೆ. ಮೊದಲ ಓದಿನಲ್ಲಿ ನಗಿಸಿದ್ದ ಒಂದು ಪ್ರಸಂಗ ಈ ಸಲ ನಗಿಸಲಿಲ್ಲ.

ಆ ಪ್ರಸಂಗ ಹೀಗಿದೆ. ಪುಟ್ಟ ಹುಡುಗಿ ತೊತ್ತೋ-ಚಾನ್ ತನಗೆ ಪ್ರಿಯವಾದ ಪರ್ಸನ್ನು ಶಾಲೆಯ ಕಕ್ಕಸಿನೊಳಗೆ ಬೀಳಿಸಿಕೊಳ್ಳುತ್ತಾಳೆ. ಅಳುತ್ತ ಕೂರುವ ಸ್ವಭಾವ ಅವಳದಲ್ಲ. ಕೆಲಸಗಾರನ ಸಾಮಾನುಗಳಿದ್ದ ಕಡೆಯಿಂದ ಉದ್ದ ಹಿಡಿಯ ಸೌಟೊಂದನ್ನು ತಂದು, ಗುಂಡಿಯ ಮುಚ್ಚಳ ತೆಗೆದು, ಒಳಗಿದ್ದುದನ್ನು ಎತ್ತಿ ಎತ್ತಿ ಹೊರಗೆ ಸುರಿಯತೊಡಗುತ್ತಾಳೆ. ರಾಶಿ ಬೆಳೆಯುತ್ತದೆ. ಆ ದಾರಿಯಲ್ಲಿ ಬಂದ ಹೆಡ್‌ಮಾಸ್ಟರ್ ಕೊಬಾಯಾಶಿ ಏನು ಮಾಡುತ್ತಿದ್ದೀಯೆಂದು ಕೇಳುತ್ತಾರೆ, ಪರ್ಸ್ ಬಿದ್ದಿದೆ ಎಂಬ ಉತ್ತರ ಪಡೆದು ಹೊರಟುಹೋಗುತ್ತಾರೆ. ಸ್ವಲ್ಪ ಹೊತ್ತಿನ ಮೇಲೆ ಮತ್ತೆ ಬಂದವರು, ಕೆಲಸ ಮುಗಿದ ಮೇಲೆ ಎಲ್ಲವನ್ನೂ ಗುಂಡಿಗೆ ವಾಪಸ್ ಹಾಕುತ್ತೀಯಲ್ಲವೇ ಎಂದಷ್ಟೇ ವಿಚಾರಿಸುತ್ತಾರೆ. ಪರ್ಸ್ ಸಿಗುವುದಿಲ್ಲ. ಹುಡುಗಿ ರಾಶಿಯನ್ನೆಲ್ಲ ಗುಂಡಿಗೆ ತುಂಬಿ, ಮುಚ್ಚಳ ಮುಚ್ಚಿ, ಸಮಾಧಾನದಿಂದ ಹೋಗುತ್ತಾಳೆ.

2023ರ ಡಿಸೆಂಬರ್‌ನಲ್ಲಿ ಮಾಲೂರು ತಾಲ್ಲೂಕಿನ ಯಲವಹಳ್ಳಿಯ ಮೊರಾರ್ಜಿ ದೇಸಾಯಿ ವಸತಿ ಶಾಲೆಯಿಂದ ಒಂದು ವಿಡಿಯೊ ಹೊರಬಂತು. ಅದರಲ್ಲಿಯೂ ಗುಂಡಿಯಿತ್ತು, ಮಕ್ಕಳಿದ್ದರು. ದಲಿತ ವಿದ್ಯಾರ್ಥಿಗಳನ್ನು ಮಲದ ಗುಂಡಿಗೆ ಇಳಿಸಿ ಸ್ವಚ್ಛ ಮಾಡಿಸಲಾಗಿದೆ ಎಂದು ಪತ್ರಿಕೆಗಳು ಬರೆದವು. ರಾತ್ರಿ ಹೊತ್ತು ಮಕ್ಕಳನ್ನು ಮೊಣಕಾಲೂರಿಸಿ, ಬೆನ್ನಿಗೆ ಬ್ಯಾಗ್ ಹೇರಿ ಕೂರಿಸುತ್ತಿದ್ದರೆಂಬ ಆರೋಪವೂ ಅದರ ಜೊತೆಗೇ ಬಂತು. ಪ್ರಾಂಶುಪಾಲರು ಮತ್ತು ಒಬ್ಬ ಶಿಕ್ಷಕರ ಬಂಧನವಾಯಿತು, ಅಮಾನತಿನ ಆದೇಶಗಳು ಹೊರಟವು. ಅದೇ ತಿಂಗಳು ಬೆಂಗಳೂರಿನ ಅಂದ್ರಹಳ್ಳಿಯ ಸರ್ಕಾರಿ ಶಾಲೆಯಲ್ಲಿ ಮಕ್ಕಳಿಂದ ಶೌಚಾಲಯ ತೊಳೆಸಿದ ಸುದ್ದಿಯೂ ಬಂದು ರಾಜ್ಯವೆಲ್ಲ ಮಾತಾಡಿತು. ವಾರ ಕಳೆದ ಮೇಲೆ ಮಾತು ಬೇರೆ ಕಡೆ ಹೊರಳಿತು.

ಎರಡು ಗುಂಡಿಗಳನ್ನು ಹೀಗೆ ಅಕ್ಕಪಕ್ಕ ಇಡುವುದು ಜಪಾನ್ ಒಳ್ಳೆಯದು, ನಾವು ಕೆಟ್ಟವರು ಎಂದು ಹೇಳುವುದಕ್ಕಲ್ಲ. ನಾವು ತುಂಬ ಇಷ್ಟಪಟ್ಟ ಪುಸ್ತಕದಲ್ಲಿ ಶಿಸ್ತಿನ ಬಗ್ಗೆ ಒಂದು ಗಟ್ಟಿ ವಿಚಾರವಿದೆ. ಅದನ್ನು ನಾವು ಹೆಡ್‌ಮಾಸ್ಟರರ ಒಳ್ಳೆಯತನ ಎಂದು ತಿಳಿದು ದಾಟಿಬಿಟ್ಟಿದ್ದೇವೆ ಎಂಬುದು ನನ್ನ ವಾದ.

*

ಸಾಮಾನ್ಯ ಓದಿನಲ್ಲಿ ಕೊಬಾಯಾಶಿ ಬಯ್ಯದ, ಹೊಡೆಯದ ಮೇಷ್ಟ್ರು. ಆದರೆ ಆ ಸಂದರ್ಭದಲ್ಲಿ ಅವರು ಸುಮ್ಮನೆ ಬಿಟ್ಟುಹೋಗಲಿಲ್ಲ. ಒಂದು ಷರತ್ತು ಹಾಕಿದರು. ನೀನು ಹೊರಗೆ ತೆಗೆದದ್ದನ್ನು ನೀನೇ ಒಳಗೆ ಹಾಕಬೇಕು. ಇದು ಸಲಿಗೆಯಲ್ಲ, ಶಿಸ್ತು. ಅದರ ಅಳತೆಯೂ ಸರಿಯಾಗಿದೆ. ಮಗು ಮಾಡಿದ್ದಕ್ಕೂ ಮಗು ಮಾಡಬೇಕಾದ್ದಕ್ಕೂ ನಡುವೆ ನೇರ ಸಂಬಂಧವಿದೆ. ತಾನು ತೆಗೆದ ರಾಶಿಗಿಂತ ಒಂದು ಸೌಟು ಹೆಚ್ಚೂ ಅವಳು ಎತ್ತಬೇಕಾಗಿಲ್ಲ. ಗುಂಡಿಗೆ ಕೈಹಾಕಿದ್ದೂ ಅವಳ ಇಚ್ಛೆ, ಅವಳದೇ ಪರ್ಸಿಗಾಗಿ.

ಯಲವಹಳ್ಳಿಯಲ್ಲಿ ಈ ಯಾವ ಸಂಬಂಧವೂ ಇರಲಿಲ್ಲ. ಗುಂಡಿಯಲ್ಲಿದ್ದದ್ದು ಇಡೀ ವಸತಿ ಶಾಲೆಯದು. ಇಳಿಯುವ ನಿರ್ಧಾರ ದೊಡ್ಡವರದು. ಇಳಿದವರು ಮಾತ್ರ ಮಕ್ಕಳು. ತಾನು ಚೆಲ್ಲಿದ್ದನ್ನು ತಾನು ಬಳಿಯುವುದು ಶಿಸ್ತು, ಎಲ್ಲರದ್ದನ್ನು ಒಬ್ಬನಿಂದ ಬಳಿಸುವುದು ಬೇರೆಯೇ ವ್ಯವಹಾರ. ಆ ವ್ಯವಹಾರಕ್ಕೆ ನಮ್ಮಲ್ಲಿ ಶಾಲೆಗಿಂತ ಎಷ್ಟೋ ಹಳೆಯ ಹೆಸರಿದೆ.

ಇಲ್ಲಿ ಒಂದು ಆಕ್ಷೇಪ ಬರುತ್ತದೆ, ಬರಬೇಕು ಕೂಡ. ಜಪಾನಿನ ಶಾಲೆಗಳಲ್ಲಿ ಮಕ್ಕಳೇ ತರಗತಿ ಗುಡಿಸುತ್ತಾರೆ, ಶೌಚಾಲಯ ತೊಳೆಯುತ್ತಾರೆ. ಗಾಂಧಿಯವರ ಆಶ್ರಮದಲ್ಲೂ ಎಲ್ಲರೂ ಕಕ್ಕಸು ತೊಳೆಯುತ್ತಿದ್ದರು. ನಮ್ಮ ಮಕ್ಕಳು ಮಾಡಿದರೆ ಏನು ತಪ್ಪು? 2023ರ ಡಿಸೆಂಬರ್‌ನಲ್ಲಿ ಇದನ್ನು ಕೇಳಿದವರು ಕಡಿಮೆಯಿರಲಿಲ್ಲ. ಅವರಲ್ಲಿ ಪ್ರಾಮಾಣಿಕವಾಗಿ ಕೇಳಿದವರೂ ಇದ್ದರು. ಉತ್ತರ ಅವರ ಮಾತಿನ ಒಳಗೇ ಇದೆ. ‘ಎಲ್ಲರೂ’ ಎಂಬ ಪದವನ್ನು ತೆಗೆದು ನೋಡಿದರೆ ಆ ವಾದ ಕುಸಿಯುತ್ತದೆ. ಸರದಿಯ ಪ್ರಕಾರ ಎಲ್ಲ ಮಕ್ಕಳೂ, ಅವರ ಜೊತೆಗೆ ಶಿಕ್ಷಕರೂ, ಸರಿಯಾದ ಸಲಕರಣೆ ಹಿಡಿದು ತಮ್ಮ ಕೋಣೆ ಗುಡಿಸಿದರೆ ಅದು ಕಲಿಕೆ. ಮಲದ ಗುಂಡಿಗೆ ಇಳಿಯುವುದು ಸರದಿಗೂ ಸೇರಬಾರದ ಕೆಲಸ. 2013ರ ಕಾಯ್ದೆ ವಯಸ್ಕ ಕಾರ್ಮಿಕನನ್ನೂ ಹಾಗೆ ಅಪಾಯಕರವಾಗಿ ಇಳಿಸುವುದನ್ನು ನಿಷೇಧಿಸಿದೆ. ಇನ್ನು ಜಪಾನ್ ಕೂಡ ಹುಟ್ಟಿನಿಂದ ಮೈಲಿಗೆ ಹೊರಿಸುವುದನ್ನು ಅರಿಯದ ದೇಶವಲ್ಲ. ಬುರಾಕುಮಿನ್ ಸಮುದಾಯದ ಚರಿತ್ರೆ ಅಲ್ಲಿದೆ. ತೊತ್ತೋ-ಚಾನಳ ತಂದೆ ಪಿಟೀಲು ವಾದಕರು. ಅವಳು ಸೌಟು ಹಿಡಿದಾಗ ಇದು ನಿನ್ನ ಮನೆತನದ ಕಸುಬಲ್ಲವೇ ಎಂದು ಕೇಳುವವರಿಲ್ಲ. ಆ ಪ್ರಸಂಗ ತಮಾಷೆಯಾಗಿ ಉಳಿದಿರುವುದು ಅದರಿಂದಲೇ.

ಅದೇ ಮಾತನ್ನು ಕೇಳಿಸಿಕೊಂಡ ಹುಡುಗನೊಬ್ಬನ ಕಥೆ ಓಂಪ್ರಕಾಶ್ ವಾಲ್ಮೀಕಿಯವರ ಹಿಂದಿ ಆತ್ಮಕಥೆ ‘ಜೂಠನ್’ನಲ್ಲಿದೆ. ಉತ್ತರ ಪ್ರದೇಶದ ಮುಜಫ್ಫರ್‌ನಗರ ಜಿಲ್ಲೆಯ ಹಳ್ಳಿ ಶಾಲೆಯ ಹೆಡ್‌ಮಾಸ್ಟರು ಆ ಹುಡುಗನ ಜಾತಿ ವಿಚಾರಿಸಿ, ಗುಡಿಸುವುದು ನಿಮ್ಮ ವಂಶದ ಕೆಲಸವೇ ತಾನೇ ಎಂದು ಪೊರಕೆ ಹಿಡಿಸುತ್ತಾರೆ. ಉಳಿದ ಮಕ್ಕಳು ಪಾಠ ಕೇಳುತ್ತಿರುವಾಗ ಈ ಹುಡುಗ ಅಂಗಳ ಗುಡಿಸುತ್ತಾನೆ. ಮೂರನೆಯ ದಿನ ಆ ಕಡೆ ಬಂದ ತಂದೆ ಮಗನನ್ನು ನೋಡಿ, ಪೊರಕೆ ಕಿತ್ತೆಸೆದು, ಇಡೀ ಶಾಲೆಗೆ ಕೇಳುವಂತೆ ಕೂಗಾಡುತ್ತಾರೆ. ಈ ಹುಡುಗ ಯಾವ ತಪ್ಪೂ ಮಾಡಿರಲಿಲ್ಲ ಎಂಬುದನ್ನು ಗಮನಿಸಬೇಕು. ಅವನಿಗೆ ಸಿಕ್ಕಿದ್ದನ್ನು ಶಿಕ್ಷೆ ಎನ್ನಲು ಕೂಡ ಬರುವುದಿಲ್ಲ. ಶಾಲೆಯ ಕಣ್ಣಲ್ಲಿ ಅದು ಸಹಜ ಹಂಚಿಕೆ.

*

ಕನ್ನಡದ ಒಂದು ಪದ ಈ ಗೊಂದಲವನ್ನು ಬಹಳ ಕಾಲದಿಂದ ಹೊತ್ತುಕೊಂಡಿದೆ. ಸಂಸ್ಕೃತದ ‘ಶಿಕ್ಷಾ’ ಎಂದರೆ ಕಲಿಕೆ. ಕನ್ನಡಕ್ಕೆ ಬಂದು ಅದು ಎರಡಾಯಿತು: ಕಲಿಕೆಗೆ ‘ಶಿಕ್ಷಣ’, ದಂಡನೆಗೆ ‘ಶಿಕ್ಷೆ’. ‘ದಂಡ’ ಎಂಬುದಂತೂ ಕೋಲೂ ಹೌದು, ತಪ್ಪಿಗೆ ಕಟ್ಟುವ ದುಡ್ಡೂ ಹೌದು. ಕೂಲಿಮಠಗಳ ಕಾಲದಲ್ಲಿ ಮಕ್ಕಳನ್ನು ಕೋದಂಡಕ್ಕೇರಿಸುತ್ತಿದ್ದುದನ್ನು ಹಳಬರು ನಗುತ್ತ ಬರೆದಿದ್ದಾರೆ. ನಮ್ಮ ಲಲಿತ ಪ್ರಬಂಧಗಳಲ್ಲಿ ಮೇಷ್ಟ್ರ ಬೆತ್ತಕ್ಕೆ ಒಂದು ಬೆಚ್ಚಗಿನ ಜಾಗವಿದೆ. ಆ ಏಟು ತಿಂದದ್ದರಿಂದಲೇ ಮನುಷ್ಯನಾದೆ ಎಂಬ ಸಾಲು ಎಷ್ಟು ಕಡೆ ಬರುತ್ತದೆಂದು ಲೆಕ್ಕವಿಡಲಾರೆ. ಅದನ್ನು ಬರೆದವರ ನೆನಪು ಸುಳ್ಳಲ್ಲ. ಅವರ ಪಾಲಿಗೆ ಏಟು ಶಾಲೆಯ ಗಂಟೆಯೊಂದಿಗೆ ಮುಗಿಯುತ್ತಿತ್ತು, ಬೀದಿಗೆ ಬಂದರೆ ಅವರು ಮತ್ತೆ ದೊಡ್ಡ ಮನೆಯ ಮಕ್ಕಳೇ. ಅರವಿಂದ ಮಾಲಗತ್ತಿಯವರ ‘ಗೌರ್ಮೆಂಟ್ ಬ್ರಾಹ್ಮಣ’ದಂಥ ಪುಸ್ತಕ 1994ರಲ್ಲಿ ಬಂದ ಮೇಲೆ ಶಾಲೆಯ ಅದೇ ಗೋಡೆಗಳ ಒಳಗೆ ಬೇರೊಂದು ಬಾಲ್ಯವೂ ಇತ್ತೆಂದು ಕನ್ನಡದ ಓದುಗರು ನೋಡಬೇಕಾಯಿತು. ಆ ಮಕ್ಕಳಿಗೆ ಶಾಲೆಯ ಶಿಕ್ಷೆಯೂ ಊರಿನ ದಂಡವೂ ಒಂದೇ ದಾರದಲ್ಲಿ ಪೋಣಿಸಿದ್ದವು.

ಮಾಲೂರು ತಾಲ್ಲೂಕಿನಲ್ಲೇ ಈ ದಾರ ಕಾಣುತ್ತದೆ. 2022ರ ಸೆಪ್ಟೆಂಬರ್‌ನಲ್ಲಿ ಉಳ್ಳೇರಹಳ್ಳಿಯಲ್ಲಿ ದೇವರ ಮೆರವಣಿಗೆಯ ಕೋಲನ್ನು ಮುಟ್ಟಿದನೆಂದು ಹದಿನೈದು ವರ್ಷದ ದಲಿತ ವಿದ್ಯಾರ್ಥಿಯ ಕುಟುಂಬಕ್ಕೆ 60,000 ರೂಪಾಯಿ ದಂಡ ಹಾಕಲಾಯಿತೆಂದು ವರದಿಯಾಗಿ, ಪೊಲೀಸ್ ಪ್ರಕರಣ ದಾಖಲಾಯಿತು. ಅದಾಗಿ ಒಂದು ವರ್ಷ ಮೂರು ತಿಂಗಳಿಗೆ ಯಲವಹಳ್ಳಿ. ಒಂದು ಊರಿನ ನ್ಯಾಯ, ಇನ್ನೊಂದು ಸರ್ಕಾರದ ಸಂಸ್ಥೆ. 2011ರ ಜನಗಣತಿಯಂತೆ ಜಿಲ್ಲೆಯ ಜನರಲ್ಲಿ ಸುಮಾರು ಶೇ. 30ರಷ್ಟು ಪರಿಶಿಷ್ಟ ಜಾತಿಗೆ ಸೇರಿದವರು. ಇಂಥ ಕಡೆ ಊರಿನ ದಂಡ ನಡೆಯದ ಜಾಗವೊಂದು ಇರಬೇಕಾದರೆ ಅದು ಸರ್ಕಾರಿ ಶಾಲೆಯೇ ಆಗಬೇಕು. ವಸತಿ ಶಾಲೆಯಂತೂ ಹೌದೇ ಹೌದು. ಸಿದ್ಧಲಿಂಗಯ್ಯನವರ ‘ಊರು ಕೇರಿ’ ಓದಿದವರಿಗೆ ಹಾಸ್ಟೆಲ್ ಎಂದರೇನೆಂದು ಹೇಳಬೇಕಿಲ್ಲ. ಅಲ್ಲಿ ಬಡತನವಿದೆ, ಜಗಳವಿದೆ, ತುಂಟತನವಿದೆ. ಜೊತೆಗೆ ಓದಿದೆ, ಭಾಷಣವಿದೆ, ಕವಿತೆಯಿದೆ. ಕನ್ನಡದ ದಲಿತ ಸಾಹಿತ್ಯದ ಒಂದು ಬೇರು ಹಾಸ್ಟೆಲಿನ ಕೋಣೆಗಳಲ್ಲಿದೆ. ಆರನೇ ತರಗತಿಯಿಂದ ಹತ್ತರವರೆಗೆ ಬಡ ಮಕ್ಕಳನ್ನು ಇಟ್ಟುಕೊಂಡು ಓದಿಸುವ ಮೊರಾರ್ಜಿ ದೇಸಾಯಿ ಶಾಲೆಗಳು ಆ ಹಾಸ್ಟೆಲಿನ ಮುಂದುವರಿಕೆ. ಅಲ್ಲಿಯೇ ಗುಂಡಿ ತೆರೆದುಕೊಂಡಿತು ಎಂಬುದು ಈ ಸುದ್ದಿಯಲ್ಲಿ ನನ್ನನ್ನು ಹೆಚ್ಚು ಕಲಕಿದ ಸಂಗತಿ.

ಕಾನೂನು ಏನು ಹೇಳುತ್ತದೆ ಎಂಬುದು ಅಸ್ಪಷ್ಟವಾಗಿಲ್ಲ. 2010ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಕಲಮು ದೈಹಿಕ ಶಿಕ್ಷೆಯನ್ನೂ ಮಾನಸಿಕ ಕಿರುಕುಳವನ್ನೂ ನಿಷೇಧಿಸುತ್ತದೆ. ರಾಷ್ಟ್ರೀಯ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗದ ಮಾರ್ಗಸೂಚಿ ಒಂದು ಹೆಜ್ಜೆ ಮುಂದೆ ಹೋಗಿ, ಇವೆರಡರ ಜೊತೆಗೆ ತಾರತಮ್ಯವನ್ನೂ ಸೇರಿಸಿದೆ. ಜಾತಿ ನೋಡಿ ಶೌಚಾಲಯ ತೊಳೆಯುವ ಕೆಲಸ ಹಂಚುವುದು ಆ ಮಾರ್ಗಸೂಚಿ ಕೊಡುವ ಉದಾಹರಣೆಗಳಲ್ಲೇ ಇದೆ. ಹೊಡೆತಕ್ಕೂ ಹಂಚಿಕೆಗೂ ನಡುವಿನ ನಂಟನ್ನು ಸರ್ಕಾರಿ ದಾಖಲೆಯೊಂದು ಹೀಗೆ ಗುರುತಿಸಿದ್ದನ್ನು ನಮ್ಮ ಸಾಹಿತ್ಯ ವಿಮರ್ಶೆ ಇನ್ನೂ ಅಷ್ಟು ನೇರವಾಗಿ ಹೇಳಿಲ್ಲ.

ಇನ್ನೊಂದು ಕಾರಣ ತೀರಾ ಲೌಕಿಕವಾದದ್ದು. ಬಹುಪಾಲು ಸರ್ಕಾರಿ ಪ್ರಾಥಮಿಕ ಶಾಲೆಗಳಲ್ಲಿ ಸ್ವಚ್ಛತೆಗೆಂದೇ ಕಾಯಂ ನೌಕರರಿಲ್ಲ. ಶೌಚಾಲಯ ಕಟ್ಟಿಸುವ ದುಡ್ಡು ಬರುತ್ತದೆ. ಅದನ್ನು ದಿನಾ ತೊಳೆಯುವವರ ಸಂಬಳ ಬರುವುದಿಲ್ಲ. ಇಂಥ ಕಡೆ ಶಿಕ್ಷೆಗೆ ಒಂದು ಉಪಯೋಗ ಹುಟ್ಟಿಕೊಳ್ಳುತ್ತದೆ. ತಪ್ಪು ಮಾಡಿದ ಮಗು ಶಾಲೆಗೆ ಪುಕ್ಕಟೆ ಕೂಲಿಯಾಗಿ ಸಿಗುತ್ತದೆ. ಯಾವ ಮಗುವಿನ ಅಪ್ಪ ಅಮ್ಮ ಬಂದು ಕೇಳುವುದಿಲ್ಲವೋ ಆ ಮಗುವಿನ ತಪ್ಪುಗಳು ಬೇಗ ಕಣ್ಣಿಗೆ ಬೀಳುತ್ತವೆ. ಶಿಕ್ಷಕರನ್ನು ಮಾತ್ರ ಬಯ್ದು ಮುಗಿಸುವವರು ಈ ಲೆಕ್ಕವನ್ನು ನೋಡುವುದಿಲ್ಲ.

*

‘ತೊತ್ತೋ-ಚಾನ್’ ಪುಸ್ತಕ ಶುರುವಾಗುವುದೇ ಒಂದು ಮಗುವನ್ನು ಶಾಲೆಯಿಂದ ಹೊರಹಾಕುವುದರಿಂದ. ಪಾಠದ ನಡುವೆ ಡೆಸ್ಕಿನ ಮುಚ್ಚಳ ಬಡಿಯುತ್ತಾಳೆ, ಕಿಟಕಿಗೆ ಹೋಗಿ ಬೀದಿ ವಾದ್ಯದವರನ್ನು ಕರೆಯುತ್ತಾಳೆ ಎಂಬ ದೂರುಗಳ ಮೇಲೆ ಮೊದಲ ಶಾಲೆ ಅವಳನ್ನು ಕಳಿಸಿಬಿಡುತ್ತದೆ. ನಮ್ಮ ಮಾತಿನಲ್ಲಿ ಹೇಳುವುದಾದರೆ, ಒಂದನೇ ಕ್ಲಾಸಿಗೇ ಟಿ.ಸಿ. ತಾಯಿ ಈ ಸಂಗತಿಯನ್ನು ಮಗಳಿಗೆ ಇಪ್ಪತ್ತು ತುಂಬುವವರೆಗೂ ಹೇಳುವುದಿಲ್ಲ. ತಾನು ಬೇಡವಾದವಳು ಎಂಬ ಭಾರವಿಲ್ಲದೆ ಆ ಮಗು ಎರಡನೆಯ ಶಾಲೆಯ ಬಾಗಿಲಿಗೆ ಬರುತ್ತದೆ. ಯಾರನ್ನಾದರೂ ಒಳಗೆ ಸೇರಿಸಿಕೊಳ್ಳುವುದರ ಅರ್ಧ ಕೆಲಸ ಇಲ್ಲೇ ಆಗಿದೆ ಎನಿಸುತ್ತದೆ.

ನಮ್ಮಲ್ಲಿ ಟಿ.ಸಿ. ಎರಡೂ ಕಡೆಯಿಂದ ಬೀಸುವ ಕೋಲು. ಮುಳಬಾಗಿಲು ತಾಲ್ಲೂಕಿನ ಕಗ್ಗನಹಳ್ಳಿಯ ಸರ್ಕಾರಿ ಶಾಲೆ 2015ರಲ್ಲಿ ಸುದ್ದಿಯಾಯಿತು. ಬಿಸಿಯೂಟದ ಅಡುಗೆಗೆ ದಲಿತ ಹೆಣ್ಣುಮಗಳು ನೇಮಕವಾದ ಮೇಲೆ ಬಹುಪಾಲು ಮಕ್ಕಳನ್ನು ಪೋಷಕರು ಆ ಶಾಲೆಯಿಂದ ಬಿಡಿಸಿದ್ದರು. ಅಲ್ಲಿ ಮೇಷ್ಟ್ರು ಯಾರನ್ನೂ ದಂಡಿಸಲಿಲ್ಲ. ಊರೇ ಶಾಲೆಯನ್ನು ದಂಡಿಸಿತು. ಶಾಲೆ ನಿಯಮ ಪಾಲಿಸಿದ್ದಕ್ಕೆ ಶಾಲೆಗೇ ಶಿಕ್ಷೆ. ನ್ಯಾಯವಾದ ಶಿಸ್ತು ಬೇಕು ಎನ್ನುವಾಗ ನಾವು ಯಾವಾಗಲೂ ಮಕ್ಕಳತ್ತ ಬೆರಳು ಮಾಡುತ್ತೇವೆ. ಆ ಊರಿನಲ್ಲಿ ಶಿಸ್ತು ಮೀರಿದವರು ದೊಡ್ಡವರು, ತಟ್ಟೆ ಬಿಟ್ಟು ಏಳಬೇಕಾಗಿ ಬಂದದ್ದು ಮಕ್ಕಳಿಗೆ.

ಕೊಬಾಯಾಶಿ ಈ ವಿಷಯದಲ್ಲೂ ನೋಡತಕ್ಕವರು. ಅವರ ಶಾಲೆಯಲ್ಲಿ ತಾಕಾಹಾಶಿ ಎಂಬ ಹುಡುಗ ಎತ್ತರ ಬೆಳೆಯದ ದೇಹದವನು. ಕ್ರೀಡಾದಿನದ ಸ್ಪರ್ಧೆಗಳನ್ನು ಅವರು ರೂಪಿಸಿದ ರೀತಿಯಲ್ಲಿ ಗಿಡ್ಡ ಕಾಲಿನ ತಾಕಾಹಾಶಿಯೇ ಮೊದಲು ಬರುತ್ತಾನೆ. ಬಹುಮಾನ ತರಕಾರಿ. ಇನ್ನೊಮ್ಮೆ ಶಿಕ್ಷಕಿಯೊಬ್ಬರು ಅದೇ ಹುಡುಗನನ್ನು, ನಿನಗೆ ಬಾಲ ಉಳಿದಿದೆಯೇನೋ ಎಂದು ತಮಾಷೆಗೆ ಕೇಳಿಬಿಡುತ್ತಾರೆ. ಅಂದು ಹೆಡ್‌ಮಾಸ್ಟರರು ಆ ಶಿಕ್ಷಕಿಯನ್ನು ಅಡುಗೆಮನೆಗೆ ಕರೆದು ಕೋಪದಿಂದ ಮಾತಾಡುವುದು ತೊತ್ತೋ-ಚಾನಳ ಕಿವಿಗೆ ಬೀಳುತ್ತದೆ. ಪುಸ್ತಕದಲ್ಲಿ ಅವರು ಹೀಗೆ ಕೋಪಗೊಳ್ಳುವುದು ಮಗುವಿನ ಮೇಲಲ್ಲ, ಮಗುವನ್ನು ನೋಯಿಸಿದ ದೊಡ್ಡವರ ಮೇಲೆ. ಅದನ್ನೂ ಅವರು ಮಕ್ಕಳೆದುರು ಮಾಡಲಿಲ್ಲ. ಶಿಕ್ಷಕಿಯ ಮರ್ಯಾದೆ ಉಳಿಯಿತು, ತಪ್ಪೂ ತಿದ್ದಿತು. ಯಲವಹಳ್ಳಿಯಲ್ಲಿ ದೊಡ್ಡವರನ್ನು ತಿದ್ದುವ ಅಡುಗೆಮನೆ ಇರಲಿಲ್ಲ. ಒಂದು ಮೊಬೈಲ್ ವಿಡಿಯೊ ಶಾಲೆಯ ಗೋಡೆ ದಾಟುವವರೆಗೂ ವಿಷಯ ಹೊರಗೆ ಬರಲಿಲ್ಲ.

ಹೊರಗಿಡುವ ಶಿಸ್ತು ಯಾವಾಗಲೂ ಗುಂಡಿಯಷ್ಟು ಆಳವಾಗಿ ಕಾಣುವುದಿಲ್ಲ. ಶ್ರೀನಿವಾಸಪುರ, ಮುಳಬಾಗಿಲು ಕಡೆ ಎಷ್ಟೋ ಮನೆಗಳ ಮಾತು ತೆಲುಗು. ನಾನು ಓದಿದ ಶಾಲೆಯೊಂದರಲ್ಲಿ ಕ್ಲಾಸ್ ಲೀಡರ್ ಕಪ್ಪು ಹಲಗೆಯ ಮೂಲೆಯಲ್ಲಿ ತೆಲುಗು ಮಾತಾಡಿದವರ ಹೆಸರು ಬರೆಯುತ್ತಿದ್ದ. ಹೆಸರು ಬಂದವರು ಬೆಂಚಿನ ಮೇಲೆ ನಿಲ್ಲಬೇಕು. ನನ್ನ ಹೆಸರೂ ಎಷ್ಟೋ ಸಲ ಬಂದಿದೆ. ಕನ್ನಡ ಕಲಿಸಬೇಕೆಂಬ ಉದ್ದೇಶ ಒಳ್ಳೆಯದೇ. ಆದರೆ ಮನೆಯ ಮಾತನ್ನು ಶಾಲೆಯ ತಪ್ಪು ಮಾಡಿದರೆ ಮಗು ಕನ್ನಡಕ್ಕಿಂತ ಮೊದಲು ಮೌನ ಕಲಿಯುತ್ತದೆ. ಈ ಜಿಲ್ಲೆಯ ಮಾಲೂರು ತಾಲ್ಲೂಕಿನವರೇ ಆದ ಮಾಸ್ತಿಯವರ ಮನೆಮಾತು ತಮಿಳು. ಅವರನ್ನು ನಾಡು ‘ಕನ್ನಡದ ಆಸ್ತಿ’ ಎಂದು ಕರೆಯಿತು. ಅವರ ಚಿತ್ರ ತೂಗುಹಾಕಿದ ಗೋಡೆಯ ಕೆಳಗೆ ತೆಲುಗಿನ ಮಗು ಬೆಂಚಿನ ಮೇಲೆ ನಿಂತಿದ್ದರೆ ಆ ಚಿತ್ರಕ್ಕೆ ಏನು ಅರ್ಥ?

*

ಯಲವಹಳ್ಳಿಯ ಸುದ್ದಿ ಬಂದು ಎರಡು ತಿಂಗಳಿಗೆ, 2024ರ ಫೆಬ್ರವರಿಯಲ್ಲಿ, ವಸತಿ ಶಾಲೆಗಳ ಬಾಗಿಲ ಮೇಲಿನ ಬರಹ ವಿಧಾನಸಭೆಯಲ್ಲಿ ಗದ್ದಲ ಎಬ್ಬಿಸಿತು. ಜ್ಞಾನದ ಗುಡಿಗೆ ಕೈಮುಗಿದು ಬರಲು ಹೇಳುತ್ತಿದ್ದ ಸಾಲು ಕೆಲವು ಕಡೆ ಬದಲಾಗಿ, ಧೈರ್ಯವಾಗಿ ಪ್ರಶ್ನೆ ಕೇಳಲು ಹೇಳುವ ಸಾಲು ಬಂದಿತ್ತು. ಒಂದು ಕಡೆಯವರಿಗೆ ಅದು ಕುವೆಂಪು ಅವರಿಗೆ ಮಾಡಿದ ಅವಮಾನ, ಇನ್ನೊಂದು ಕಡೆಯವರಿಗೆ ವೈಚಾರಿಕತೆ. ಸಾಹಿತ್ಯದ ವಿದ್ಯಾರ್ಥಿಯಾಗಿ ನನಗೆ ಆ ಚರ್ಚೆ ಸಪ್ಪೆ ಎನಿಸಿತು. ಎರಡು ಕ್ರಿಯಾಪದಗಳ ಬಗ್ಗೆ ಜಗಳವಾಯಿತು. ಆ ಕ್ರಿಯೆಯನ್ನು ಮಾಡಬೇಕಾದ ಮಗು ಯಾರೆಂದು ಯಾರೂ ಕೇಳಲಿಲ್ಲ. ಗುಂಡಿಯ ಅಂಚಿನಲ್ಲಿ ನಿಂತ ಹುಡುಗ ನಾನೇ ಏಕೆ ಎಂದು ಕೇಳಿದ್ದರೆ, ಅಂದು ರಾತ್ರಿ ಅವನನ್ನು ಮೊಣಕಾಲೂರಿಸುವುದಿಲ್ಲ ಎಂಬ ಭರವಸೆಯನ್ನು ಬಾಗಿಲ ಬರಹ ಕೊಡಲಾರದು. ಕೇಳಿದವನಿಗೆ ರಕ್ಷಣೆಯಿಲ್ಲದ ಕಡೆ ಪ್ರಶ್ನಿಸು ಎನ್ನುವುದೂ ಇನ್ನೊಂದು ಆಜ್ಞೆಯೇ.

‘ತೊತ್ತೋ-ಚಾನ್’ಗೂ ಮಿತಿಗಳಿವೆ. ತೊಮೊಯೆ ಬಹಳ ಚಿಕ್ಕ ಖಾಸಗಿ ಶಾಲೆ, ಹಳೆಯ ರೈಲು ಡಬ್ಬಿಗಳೇ ಅದರ ತರಗತಿಗಳು. 1945ರ ಬಾಂಬ್ ದಾಳಿಯಲ್ಲಿ ಅದು ಸುಟ್ಟುಹೋಯಿತು. ಕೊಬಾಯಾಶಿಯವರಂಥ ಒಬ್ಬ ಮನುಷ್ಯ ಇದ್ದಾಗ ಶಾಲೆ ಹಾಗಿರುತ್ತದೆ ಎಂದು ಪುಸ್ತಕ ತೋರಿಸುತ್ತದೆ. ಅಂಥವರು ಇಲ್ಲದ ಕಡೆ ಏನು ಮಾಡಬೇಕೆಂದು ಅದು ಹೇಳುವುದಿಲ್ಲ. ಸರ್ಕಾರಿ ಶಾಲೆ ಒಬ್ಬರ ಒಳ್ಳೆಯತನವನ್ನು ನಂಬಿ ನಡೆಯುವಂತಿಲ್ಲ. ಒಳ್ಳೆಯವರು ವರ್ಗವಾಗಿ ಹೋಗುತ್ತಾರೆ. ಅವರು ಹೋದ ಮೇಲೂ ಉಳಿಯುವಂಥದ್ದು ಬೇಕು: ಕೆಲಸದ ಸರದಿಯ ಪಟ್ಟಿ ಎಲ್ಲ ಮಕ್ಕಳೂ ಎಲ್ಲ ಪೋಷಕರೂ ನೋಡುವಂತೆ ಗೋಡೆಯ ಮೇಲೆ ಇರಬೇಕು, ಕಕ್ಕಸು ತೊಳೆಯಲು ಸಂಬಳದ, ಯಂತ್ರವಿ­ರುವ, ಮರ್ಯಾದೆಯ ಏರ್ಪಾಡು ಬೇಕು, ಯಾವ ತಪ್ಪಿಗೆ ಏನು ಎಂಬುದು ಮೊದಲೇ ಗೊತ್ತಿರಬೇಕು, ಶಿಕ್ಷೆಗೆ ಮುಂಚೆ ಮಗುವಿನ ಮಾತು ಕೇಳಬೇಕು, ದೂರು ಕೇಳುವವರು ಅದೇ ಶಾಲೆಯ ವಾರ್ಡನ್ ಆಗಿರಬಾರದು. ಶಾಲಾಭಿವೃದ್ಧಿ ಸಮಿತಿಗಳಿವೆ, 1098 ಸಹಾಯವಾಣಿಯಿದೆ. ಕಗ್ಗನಹಳ್ಳಿಯನ್ನು ನೆನೆದರೆ ಸಮಿತಿಯಲ್ಲಿ ಯಾವ ಪೋಷಕರು ಕೂರುತ್ತಾರೆ ಎಂಬುದೂ ಸಣ್ಣ ಪ್ರಶ್ನೆಯಲ್ಲ.

ಇಷ್ಟೆಲ್ಲ ಹೇಳಿದ ಮೇಲೂ ಆ ಪುಸ್ತಕ ಶಿಕ್ಷಕರ ಕೈಯಲ್ಲಿ ಇರಬೇಕೆಂದೇ ನನ್ನ ಆಸೆ. ಕೋಲಾರದ ಯಾವುದಾದರೂ ಬಿ.ಎಡ್. ತರಗತಿಯಲ್ಲಿ ಪರ್ಸಿನ ಪ್ರಸಂಗ ಓದುವ ದಿನ, 2023ರ ಡಿಸೆಂಬರ್‌ನ ಪತ್ರಿಕೆಯ ಒಂದು ಪುಟವನ್ನೂ ಅದರ ಜೊತೆ ಓದಲಿ. ಮೊದಲನೆಯದನ್ನು ಓದಿ ಎಲ್ಲರೂ ನಗುತ್ತಾರೆ, ನಗಬೇಕು. ಎರಡನೆಯದನ್ನು ಓದಿದ ಮೇಲೆ, ಇಲ್ಲಿ ಗುಂಡಿಗೆ ಇಳಿದವರು ತೆಗೆದದ್ದು ಯಾರದು ಎಂದು ಒಬ್ಬರಾದರೂ ಕೇಳುತ್ತಾರೆ. ಪಾಠ ಅಲ್ಲಿಂದ ಶುರುವಾದರೆ ಸಾಕು.